ಕೋಣೆಯಷ್ಟು ಮರಳು

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು ಅನಿಸಿತು. ನಿನ್ನೆ ನಾವು ಮೂವರೂ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದೆವು. ಬರೀ ಬಿಳಿ ಮರಳು, ಒಂದು ಮರವೂ ಇಲ್ಲ. ದೋಣಿಯವನು "ಮೂರು ಗಂಟೆಗೆ ಬಂದ್ಬಿಡ್ತೀನಿ" ಎಂದು ನಮ್ಮನ್ನು ಇಳಿಸಿ ಹೋದ. ನಾಲ್ಕಾದರೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಉಬ್ಬರ ಏರುತ್ತಿತ್ತು. ನಾವು ಕೂತು ಉಂಡಿದ್ದ ಜಾಗದಲ್ಲಿ ಮೊಣಕಾಲುದ್ದ ನೀರು. ಹಿಂದೆ ಸರಿಯುತ್ತಾ ಸರಿಯುತ್ತಾ ಕೊನೆಗೆ ನಮಗೆ ಉಳಿದದ್ದು ಒಂದು ಕೋಣೆಯಷ್ಟು ಮರಳು.

"ಬರ್ತಾನೆ ಬಿಡು, ಎಲ್ಲಿ ಹೋಗ್ತಾನೆ" ಎನ್ನುತ್ತಲೇ ಇವರು ಅಂಗಿ ಬಿಚ್ಚಿ ಬೀಸುತ್ತಿದ್ದರು. ನಾನು ಮಗಳ ಮಣಿಕಟ್ಟು ಹಿಡಿದು ನಿಂತಿದ್ದೆ.

"ಅಮ್ಮಾ, ಕೈ ನೋಯ್ತಿದೆ, ಬಿಡು."

ಬಿಡಲಿಲ್ಲ. ಅವಳು ಅತ್ತಳು. ನೀರು ನಮ್ಮ ಪಾದ ಮುಟ್ಟಿದ ಮೇಲೆ ದೋಣಿಯ ಸದ್ದು ಕೇಳಿಸಿತು. "ಇಂಜಿನ್ ಕೈಕೊಡ್ತು" ಎಂದ ಅವನ ಮುಖವೂ ಬಿಳಿಚಿಕೊಂಡಿತ್ತು.

ಹತ್ತಿದ ಕೂಡಲೇ ಮಗಳು ಕೈ ಕೊಸರಿಕೊಂಡು ಅಪ್ಪನ ಪಕ್ಕ ಕೂತಳು. ಅವಳ ಮಣಿಕಟ್ಟಿನ ಮೇಲೆ ನನ್ನ ಉಗುರಿನ ಗುರುತುಗಳಿದ್ದವು.

ನಾನೂ ಒಮ್ಮೆ ನಿನ್ನ ಕೈಯನ್ನು ಹೀಗೇ ಕೊಸರಿಕೊಂಡಿದ್ದೆ, ಶಾಲೆಯ ಗೇಟಿನೆದುರು, ಗೆಳತಿಯರೆಲ್ಲ ನೋಡುತ್ತಿದ್ದಾಗ. ಮರುದಿನದಿಂದ ನೀನು ನನ್ನಿಂದ ಎರಡು ಹೆಜ್ಜೆ ಹಿಂದೆಯೇ ನಡೆದು ಬರುತ್ತಿದ್ದೆ. ನಿನ್ನ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ.