ಮಂಗಲಾ ಬೇಗ ಕೈ ಬೀಸಿದ್ದು

ಆಗಸ್ಟ್ ೧೭, ರವಿವಾರ. ಸಾತಪುರ

ಅಕ್ಷರ ಇವತ್ತೂ ಸೊಟ್ಟ. ದಿನವಿಡೀ ತಾಡಪತ್ರಿ ಹೊಲಿದ ಮೇಲೆ ಬೆರಳು ಪೆನ್ನಿನ ಮಾತು ಕೇಳುವುದಿಲ್ಲ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ. ನಾಲ್ಕನೇ ಇಯತ್ತೆವರೆಗೆ ಕಲಿತದ್ದು ಇಷ್ಟೇ. ಓದುವವರು ಯಾರೂ ಇಲ್ಲ... ಆದರೂ ತಪ್ಪಾಯಿತು ಅಂತ ಬರೆದುಬಿಟ್ಟರೆ ಸಮಾಧಾನ.

ಗಣಪತಿ ಮಂಡಳದ ವೈಜನಾಥ ದಾದಾ ಶೆಡ್ಡಿಗೆ ಬಂದಿದ್ದ. ಈ ಸಲ ಗೊಂಬೆ ಬೇಡವಂತೆ, ಜಿವಂತ ದೇಖಾವೆ. ಮನುಷ್ಯರೇ ವೇಷ ಹಾಕಿ ನಿಲ್ಲುವುದು, ಹಿಂದಿನಿಂದ ರೆಕಾರ್ಡಿಂಗ್ ಕಥೆ ಹೇಳುವುದು. ವಿಷಯ ಕಲ್ಪನಾ ಚಾವ್ಲಾ. ಕಥೆ ನಾನು ಕಟ್ಟಿಕೊಡಬೇಕಂತೆ! ಲಾಲಸಾಬ ಮಾವನ ಮಗಳ ಮದುವೆಗೆ ಹಾಡು ಬರೆದದ್ದು ಯಾರೋ ಅವನ ಕಿವಿಗೆ ಹಾಕಿದ್ದಾರೆ. ತಲೆ ಎತ್ತದೆ "ಹೋ ದಾದಾ" ಅಂದೆ. ಬೇಡ ಅನ್ನುವುದಕ್ಕೂ ನಾಚಿಕೆ.

ಆಗಸ್ಟ್ ೨೦

ಮಲಕವ್ವನ ಮಗಳು ಮಂಗಲಾ ಕಲ್ಪನಾ ಆಗುತ್ತಾಳೆ. ಆರನೇ ಇಯತ್ತೆ, ನಮ್ಮ ಲೈನಿನಲ್ಲೇ ಮೂರು ತಗಡಿನ ಪತ್ರಾ ಮನೆ ಆಚೆ. ಸಂಜೆ ಮೂವರೂ ಕೂತು ಮೊಬೈಲಿನಲ್ಲಿ ಚಿತ್ರ ನೋಡಿದೆವು. ಶಾಲೆಯ ಗೋಡೆ ಮೇಲಿನ ಕಲ್ಪನಾ. ವಹಿಯ ರಟ್ಟಿನ ಮೇಲೆ ಕಲ್ಪನಾ. ರಂಗೋಲಿಯಲ್ಲಿ ಕಲ್ಪನಾ. ತಲೆಗೆ ಥರ್ಮಾಕೋಲ್ ಡಬ್ಬಿ ಹಾಕಿಕೊಂಡ ಯಾವುದೋ ಊರಿನ ಪುಟ್ಟ ಕಲ್ಪನಾ. ಎಲ್ಲರದೂ ಕೇಸರಿ ಸೂಟು, ನಗು. ಬಹಳ ಕಡೆ ಕೈ ಬೀಸುತ್ತಿದ್ದಾಳೆ.

ಮಲಕವ್ವ ಅಂದಳು, "ಇಷ್ಟ ದಪ್ಪ ಅಂಗಿ ಹಾಕ್ಕೊಂಡು ಹ್ಯಾಂಗ ನಗತಾಳ ನೋಡ ಈಕಿ! ಸೈಟಿನ್ಯಾಗ ನನಗ ಹೆಲ್ಮೆಟ್ ಒಂದ ಹಾಕಿದ್ರ ಮಾರಿ ಹುಳಿ ಹಿಂಡಿದಂಗ ಆಗ್ತದ."

"ನಿನ್ನ ಫೋಟೋ ಯಾರ ಗೋಡೀ ಮ್ಯಾಲ ಬರೀತಾರ ಬಿಡವ್ವಾ," ಅಂದಳು ಮಂಗಲಾ. ತಲೆಗೊಂದು ಬಿತ್ತು.

ಆಮೇಲೆ ಮಂಗಲಾ ಕೇಳಿದಳು, "ಅಕ್ಕಾ, ವಾಪಸ್ ಬರೂವಾಗ ಅಕಿ ಸತ್ಲಲ್ಲ. ಅದನ್ನ ತೋರ್ಸೂದಿಲ್ಲೇನು?"

ದಾದಾನನ್ನು ಕೇಳಿದ್ದೆ. ಗಣಪತಿ ಮುಂದೆ ಮರಣ ನಕೋ ಅಂದಿದ್ದಾನೆ. ಅದಕ್ಕೇ ಕೊನೆ ಹೀಗೆ ಬರೆದೆ — ಮೇಲೆ ತೇಲುತ್ತಾಳೆ, ಭೂಮಿ ಕಡೆ ತಿರುಗುತ್ತಾಳೆ, ಎರಡೂ ಕೈ ಬೀಸುತ್ತಾಳೆ, ಲೈಟ್ ಆಫ್, ಆರತಿ. ಕೈ ಬೀಸುವುದು ಅದೊಂದೇ ಸಲ. ಅಲ್ಲಿಯವರೆಗೆ ಅಲುಗಬಾರದು.

ಆಗಸ್ಟ್ ೨೪, ರವಿವಾರ

ಮಂಡಳದ ಝೇಂಡಾ ಹೊಲಿದು ಉಳಿದ ಕೇಸರಿ ಬಟ್ಟೆಯಲ್ಲಿ ಸೂಟು ಆಯಿತು. ರೇವಪ್ಪ ಕಾಕಾ ಸೈಟಿನಿಂದ ಗಡಗಡಿ, ಹಗ್ಗ, ಎತ್ತರದ ಕೆಲಸಕ್ಕೆ ಕಟ್ಟುವ ಸೊಂಟದ ಬೆಲ್ಟು ತಂದ. ಇಟ್ಟಿಗೆ ಎಳೆಯುವ ಗಡಗಡಿಯಲ್ಲಿ ಮಂಗಲಾಳನ್ನು ಎಳೆಯುತ್ತಾನೆ! ಮಲಕವ್ವ ತನ್ನ ಹಳೇ ಸೀರೆಯಿಂದ ಜೋಳಿಗೆ ಕಟ್ಟಿಕೊಟ್ಟಳು. ಮಗಳು ಅದರಲ್ಲಿ ಕೂತಂತೆ ಇರಲಿ, ಬೆಲ್ಟು ಬರೀ ಆಸರೆಗೆ, ಅಂತ.

ಮಲಕವ್ವ ಕೆಲಸಕ್ಕೆ ಹೋದಮೇಲೆ ಅದರ ಮೇಲೆ ಸೂಟು ಹಾಕಿ ನೋಡಿದೆವು. ಕುಂಡೆ ಹತ್ತಿರ ಜೋಳಿಗೆ ಇಷ್ಟು ದಪ್ಪ ಉಬ್ಬಿತು. ಪೋರರೆಲ್ಲ ನಕ್ಕರು — ಕಲ್ಪನಾ ಲಂಗೋಟಿ ಕಟ್ಕೊಂಡಾಳ! ಮಂಗಲಾ ಅಳುವುದೊಂದು ಬಾಕಿ.

ಜೋಳಿಗೆ ನಾನೇ ಬಿಚ್ಚಿದೆ. ಚಿತ್ರದಲ್ಲಿ ಹಾಗೆ ಎಲ್ಲೂ ಇಲ್ಲವಲ್ಲ. ಬೆಲ್ಟು ದೊಡ್ಡವರದು, ಕೊನೆಯ ತೂತಿಗೆ ಹಾಕಿದರೂ ಸಡಿಲ. ಟಾವೆಲ್ ಸುತ್ತಿ ಬಿಗಿ ಮಾಡಿದೆ. ಬೆಲ್ಟು ಕಾಣದಂತೆ ಬೆನ್ನಿನ ಬಟ್ಟೆ ಮೈಮೇಲೇ ಹೊಲಿಯುವುದು ಅಂತ ಆಯಿತು.

"ಮಲಕವ್ವಗ ಒಂದ ಮಾತ ಹೇಳವಾ," ಅಂದ ರೇವಪ್ಪ ಕಾಕಾ.

"ಹೇಳ್ತೀನಿ," ಅಂದೆ.

ಆಗಸ್ಟ್ ೩೧, ರವಿವಾರ ಮಧ್ಯಾಹ್ನ

ನಿನ್ನೆ ದೇಖಾವೆ ಆಯಿತು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಜನವೋ ಜನ. ಮೈಕಿನಲ್ಲಿ "ಲೇಖಿಕಾ ಜಗದೇವಿ" ಅಂದರು. ನನ್ನ ಹೆಸರು ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ. ಕಿವಿ ಬಿಸಿಯಾಯಿತು. ಸ್ಟೇಜಿನ ಬುಡದಲ್ಲಿ, ಕಂಬ ಹಿಡಿದು ನಿಂತಿದ್ದೆ.

ಮಂಗಲಾ ಮೇಲೆ ಹೋದಳು. ರೆಕಾರ್ಡಿಂಗಿನಲ್ಲಿ ಇನ್ನೂ ಕಲ್ಪನಾಳ ಶಾಲೆಯ ಮಾತು ನಡೆದಿತ್ತು. ಆಗ ಕೈ ಬೀಸಿದಳು. ಒಂದು ಕೈ. ಆಮೇಲೆ ಎರಡೂ.

ಜನ ಚಪ್ಪಾಳೆ. ಶೀಟಿ. ಎಲ್ಲರೂ ಮೊಬೈಲ್ ಎತ್ತಿದರು. ಅವರು ನೋಡಿದ ಎಲ್ಲ ಚಿತ್ರಗಳಲ್ಲೂ ಆಕೆ ಕೈ ಬೀಸುತ್ತಾಳಲ್ಲ — ಇಲ್ಲೂ ಬೀಸಿದಳು, ಅಷ್ಟೇ. ರೇವಪ್ಪ ಕಾಕಾ ಪರದೆಯ ಹಿಂದೆ ಹಗ್ಗ ಹಿಡಿದಿದ್ದ, ಅವನಿಗೆ ಕಾಣದು. ದಾದಾಗೆ ಕಥೆಯ ಸಾಲು ನೆನಪಿಲ್ಲ. ಈಗ ಬೀಸುವ ಹೊತ್ತಲ್ಲ ಅಂತ ಗೊತ್ತಿದ್ದದ್ದು ಇಬ್ಬರಿಗೆ. ಬೀಸುವವಳಿಗೆ. ನನಗೆ.

ಹೆಲ್ಮೆಟಿನ ಗಾಜಿನ ಒಳಗಿಂದ ನನ್ನನ್ನೇ ನೋಡುತ್ತಿದ್ದಳು.

ಕೂಗಬೇಕಿತ್ತು. "ಥಾಂಬಾ!", ನಿಲ್ಲಿಸಿ, ಅಂದರೆ ಸಾಕಿತ್ತು, ಅಷ್ಟು ಮರಾಠಿ ನನಗೆ ಬರುತ್ತದೆ. ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. ಕೂಗಿದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ... ಅದೇ ಬಂತು ತಲೆಗೆ. ಅವಳಿಗೆ ಬೆರಳಲ್ಲಿ ಸನ್ನೆ ಮಾಡಿದೆ — ಅಲುಗಬೇಡ, ಇನ್ನೂ ಇದೆ.

ಕೈ ಇಳಿಸಿದಳು. ಆಮೇಲೆ ತಲೆಯೂ ಇಳಿಯಿತು. ಆರತಿಗೆ ಕೆಳಗಿಳಿಸಿದಾಗ ಮೈಮೇಲೆ ಎಚ್ಚರವಿಲ್ಲ. ಬೆನ್ನ ಹೊಲಿಗೆ ನಾನೇ ಹಲ್ಲಿನಿಂದ ಹರಿದೆ.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಊಟ ಏನು ಮಾಡಿದ್ದಳು ಅಂತ ಡಾಕ್ಟರ್ ಕೇಳಿದರು. ಬೆಳಿಗ್ಗೆಯಿಂದ ಚಹಾ, ಖಾರಿ ಬಿಸ್ಕೀಟು ಮಾತ್ರ — ಮಲಕವ್ವ ಕೆಲಸಕ್ಕೆ ಹೋಗಿದ್ದಳು. ಹಾಗಾದರೆ ಅದೇ, ಖಾಲಿ ಹೊಟ್ಟೆ, ಅಶಕ್ತಿ ಅಂದರು. ನಾನು ಬಾಗಿಲಲ್ಲೇ ಇದ್ದೆ. ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ. ನಾನೂ.

ಇವತ್ತು ಇಡೀ ಲೈನು ಮಲಕವ್ವನನ್ನು ಬೈಯುತ್ತಿದೆ. "ಹೆತ್ತ ಮಗಳಿಗೆ ಎರಡ ರೊಟ್ಟಿ ಬಡಿಯೂದ ಆಗಲಿಲ್ಲೇನ ನಿನಗ?" ಅವಳು ತಲೆ ತಗ್ಗಿಸಿ ಭಾಂಡೆ ತಿಕ್ಕುತ್ತಿದ್ದಾಳೆ.

ಸೆಪ್ಟೆಂಬರ್ ೧

ಮಂಗಲಾ ಎದ್ದು ಓಡಾಡುತ್ತಿದ್ದಾಳೆ. ನನ್ನನ್ನು ಒಳಗೆ ಕರೆದು ಫ್ರಾಕ್ ಎತ್ತಿ ತೋರಿಸಿದಳು. ಎರಡೂ ಬಗಲಿನ ಕೆಳಗೆ, ಎದೆಯ ಸುತ್ತ ನೀಲಿ ಪಟ್ಟೆ. ಸೊಂಟದ ಬೆಲ್ಟು ಅಲ್ಲಿಯವರೆಗೆ ಏರಿ ಹಿಚುಕಿದೆ.

"ಅವ್ವಗ ಹೇಳಬ್ಯಾಡ ಅಕ್ಕಾ. ಮತ್ತೊಮ್ಮೆ ಬಿಡೂದಿಲ್ಲ ನನ್ನ."

ಫ್ರಾಕ್ ಇಳಿಸಿ, "ನಾ ಕೈ ಮಾಡಿದ್ನಲ್ಲ. ನಿನಗ ಗೊತ್ತಾಗ್ತದ ಅಂತನ ಮಾಡಿದ್ದೆ. ನೋಡಲಿಲ್ಲೇನು?"

"ಇಲ್ಲವಾ. ಲೈಟು ಕಣ್ಣಿಗೆ ಹೊಡೀತಿತ್ತು."

"ಹೌದಾ... ಹಂಗಾರ ಬಿಡು," ಅಂದಳು. ನಂಬಿದಳು.

ಸೆಪ್ಟೆಂಬರ್ ೩

ದೇಖಾವೆಯ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದೆ. ಕೈ ಬೀಸುವ ಭಾಗ ಮಾತ್ರ, ಕೆಳಗೆ ಹಾಡು ಸೇರಿಸಿ. ಸಂಭಾಜಿನಗರದ ವಾಳೂಜಿನಲ್ಲಿ ದಾದಾನ ಭಾವನ ಮಂಡಳ ಇದೆ. ಅವರಿಗೂ ಬೇಕಂತೆ, ಶುಕ್ರವಾರ ಸಂಜೆ. ಅಲ್ಲಿ ಬ್ಯಾನರಿನ ಮೇಲೆ ನನ್ನ ಹೆಸರು ಹಾಕಿಸುತ್ತಾನಂತೆ.

ಮಲಕವ್ವ ಮೊದಲು ಒಲ್ಲೆ ಅಂದಳು. ಮಂಗಲಾ ಕಾಲಿಗೆ ಬಿದ್ದಳು. ಕಡೆಗೆ, "ನಾನೂ ಬರ್ತೀನಿ. ಈ ಸಲ ಹೊಟ್ಟಿ ತುಂಬ ಉಣಸೇ ಮ್ಯಾಲ ಕಳಸೂದು," ಅಂದಳು. ನನ್ನ ಕಡೆ ತಿರುಗಿ, "ನೀ ಇರ್ತಿಯಲ್ಲ ಕೆಳಗ, ಜಗೂ. ನನಗ ಅಂಜಿಕಿಲ್ಲ."

ಬ್ಯಾನರಿನ ಮೇಲಿನ ಹೆಸರು ಬೇಕು ಅನ್ನಿಸಿತು. ಬರೆಯಲೇಬೇಕು ಇದನ್ನು. ಬೇಕು ಅನ್ನಿಸಿತು.

ಸೆಪ್ಟೆಂಬರ್ ೪, ವಾಳೂಜ್

ಟೆಂಪೋದಲ್ಲಿ ಬಂದೆವು. ಕಂಪನಿಯ ಹಿಂದೆ ನಮ್ಮ ಕಡೆಯ ಮಂದಿಯ ಶೆಡ್ಡುಗಳಿವೆ, ಅಲ್ಲೇ ಇಳಿದಿದ್ದೇವೆ. ದಾರಿಯುದ್ದಕ್ಕೂ ಮಂಗಲಾ ನನ್ನ ತೊಡೆ ಮೇಲೆ ಮಲಗಿದ್ದಳು. ನಡುವೆ ಎದ್ದು, "ಅಕ್ಕಾ, ಈ ಸಲ ಏನರ ಆದ್ರ ಕಾಲು ಝಾಡಸ್ತೀನಿ. ಅದು ಕಾಣ್ತದ ನಿನಗ," ಅಂದಳು. ನನ್ನ ಕಣ್ಣಿಗೆ ಸುಲಭ ಆಗಲಿ ಅಂತ.

ಬ್ಯಾನರ್ ನೋಡಿದೆ. ಹೆಸರು ಕೆಳಗಡೆ ಇದೆ, ಚಿಕ್ಕದಾಗಿ. ಓದಿಕೊಳ್ಳಲು ಮನಸ್ಸು ಬರಲಿಲ್ಲ. ಈ ಶೆಡ್ಡಿನವರೆಲ್ಲ ಮಲಕವ್ವನಿಗೆ ಅದೇ ಮಾತು — ಇವತ್ತರ ಉಣಸಿಯೇನ ಮಗಳಿಗೆ? ಅವಳು ಹೌದ್ರಿ, ಹೌದ್ರಿ ಅನ್ನುತ್ತಾಳೆ.

ಸೆಪ್ಟೆಂಬರ್ ೫, ಬೆಳಿಗ್ಗೆ

ಮಲಕವ್ವ ರೊಟ್ಟಿ ಬಡಿಯುತ್ತಿದ್ದಳು. ಬೆಲ್ಟು ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ.

"ಜೋಳಿಗಿ ಎಲ್ಲದ?"

"ಬಿಚ್ಚೀನ್ರಿ. ಮೊದಲನೇ ಸಲಾನೂ ಇರಲಿಲ್ಲ. ನಾನ ಬಿಚ್ಚಿದ್ದೆ. ಉಬ್ಬಿ ಕಾಣ್ತಿತ್ತು ಅಂತ."

ರೊಟ್ಟಿ ಬಡಿಯುವ ಕೈ ನಿಂತಿತು. ಬೆಲ್ಟು ಎತ್ತಿ ನೋಡಿದಳು, ಟಾವೆಲ್ ನೋಡಿದಳು. "ಇದು ಬಿದ್ದವರನ್ನ ಹಿಡಿಯೂದು. ಇದರಾಗ ಹುಡುಗೀನ ತೂಗಬಿಟ್ರ್ಯಾ?"

ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಗೊತ್ತಿತ್ತು. ಎಲ್ಲ ಹೇಳಿದೆ. ಎದೆ ಮೇಲಿನ ಪಟ್ಟೆ. ಅವಳು ಕೈ ಬೀಸಿದ್ದು. ನಾನು ನೋಡಿದ್ದು. ಅವಳಿಗೆ ಎಚ್ಚರ ತಪ್ಪಿದ್ದು ಹೊಟ್ಟೆ ಖಾಲಿ ಇದ್ದದ್ದಕ್ಕಲ್ಲ, ಬೆಲ್ಟಿಗೆ ಅಂತ.

ತವೆ ಮೇಲಿನ ರೊಟ್ಟಿ ಕರಕಾಯಿತು. ಅವಳು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ.

"ಒಂದು ವಾರ ನಾ ರೊಟ್ಟಿ ಬಡೀಲಿಲ್ಲಂತ ನನ್ನ ಕೈಗೆ ಬೈಕೋತ ಇದ್ನಲ್ಲ," ಅಂದಳು. ಆಮೇಲೆ, "ಇವತ್ತ ಆಕಿ ಮ್ಯಾಲ ಹೋಗೂದಿಲ್ಲ. ವೈಜನಾಥಗ ನೀನ ಹೇಳು. ಅದಕಿಂತ ಮೊದಲ ಆಕಿಗೆ ಹೇಳು, ಹೋಗು. ಸುಳ್ಳು ಹೇಳಿದ್ದು ಆಕಿಗೆ."

ಮಂಗಲಾ ಹೊರಗೆ ಡ್ರಮ್ಮಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಲ್ಲು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಅವತ್ತು ನೀ ಕೈ ಮಾಡಿದ್ದು ನೋಡಿದ್ದೆ, ಮಂಗಲಾ."

ಬ್ರಷ್ ನಿಂತಿತು. ನನ್ನ ಕಡೆ ತಿರುಗಲಿಲ್ಲ. ನೊರೆ ಉಗುಳಿದಳು. ಆಮೇಲೆ, ತಿರುಗದೆಯೇ, ಬೊಗಸೆ ಮುಂದೆ ಚಾಚಿದಳು.

ಚರಗಿ ಎತ್ತಿ ನೀರು ಹಾಕಿದೆ.