ಅಕ್ಕನ ಮೊಂಡು ಕತ್ತಿ

ಹಿಂದಿನ ಕೋಣೆ, ನಿನ್ನ ಕೆಲಸದ ಮೇಜಿನಿಂದ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಕೈ ಹೇಗಿದೆ? ಮಣಿಕಟ್ಟಿನ ಊತ ಇಳಿಯಿತೆ? ನಿನ್ನ ಕಾಗದ ಮೊನ್ನೆ ಬಂತು. ಎಡಗೈಯಲ್ಲಿ ಬರೆದದ್ದೆಂದು ನೀನು ಹೇಳದೆಯೇ ಗೊತ್ತಾಯಿತು, ಅಕ್ಷರಗಳೆಲ್ಲ ಬಸ್ಸು ತಪ್ಪಿಹೋದವರ ಹಾಗೆ ಓಡುತ್ತಿವೆ. ಡಾಕ್ಟರು ಹೇಳಿಕೊಟ್ಟಂತೆ ಬಿಸಿನೀರಿನಲ್ಲಿ ಬೆರಳು ಮಡಚಿ ಬಿಡಿಸಿ ಮಾಡುತ್ತಿದ್ದೀಯೋ, ಇಲ್ಲ ಮಗಳು ಅತ್ತ ಹೋದ ಕೂಡಲೇ ಬಕೆಟ್ಟನ್ನು ಮೂಲೆಗೆ ತಳ್ಳುತ್ತೀಯೋ? ನಿನ್ನ ಮೊಮ್ಮಗಳಿಗೆ ಗೂಢಚಾರಿಣಿಯ ಕೆಲಸ ಕೊಟ್ಟಿದ್ದೇನೆ. ಸುಳ್ಳು ಬರೆದರೆ ಪುಟ್ಟಿ ನನಗೆ ಫೋನು ಮಾಡುತ್ತಾಳೆ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಮಗಳ ಮನೆಗೆ ಹೋದ ಮೇಲೆ ಕುಡಿಯುವ ನೀರಿನಲ್ಲಿ ಮರದ ಹೊಟ್ಟು ಬೀಳದೆ ಎರಡು ತಿಂಗಳಾಯಿತು, ಆದರೂ ನೀರು ರುಚಿಸುತ್ತಿಲ್ಲ ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ನೀನಿದ್ದಾಗ ಆ ಹೊಟ್ಟಿಗಾಗಿಯೇ ನಿನ್ನೊಡನೆ ಜಗಳವಾಡುತ್ತಿದ್ದವಳು ಇವಳೇ.

ಇನ್ನು ನಿನ್ನ ಅಪ್ಪಣೆಯ ವಿಷಯ. ‘ಇನ್ನು ನನ್ನ ಕೈಲಿ ಆಗಲ್ಲ, ಮರದ ಬಿಲ್ಲು ಮಾಡೋ ಸಾಮಾನೆಲ್ಲ ಬೀದಿ ಕೊನೆ ಬಡಗಿಗೆ ಕೊಟ್ಟುಬಿಡು, ಕೋಣೇಲಿ ನಿನ್ನ ಮಂಚ ಹಾಕ್ಕೋ’ ಎಂದು ಬರೆದಿದ್ದೀಯ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು ನೀನು, ಮುರಿದದ್ದು ನಿನ್ನ ಮಣಿಕಟ್ಟು, ಆ ಕೈಯಲ್ಲಿ ಇನ್ನು ಭಾರ ಎಳೆಯಬಾರದೆಂದು ಡಾಕ್ಟರು ಹೇಳಿದ್ದೂ ನಿನಗೇ. ಹಾಗಿರುವಾಗ ನನಗೇಕೆ ಅಳು ಎಂದು ಕೇಳಬೇಡ. ಮಂಚ ಹಾಕಿಕೊಂಡು ಈ ಕೋಣೆಯಲ್ಲಿ ನನಗೆ ನಿದ್ದೆ ಬರುತ್ತದೆಂದು ನೀನು ಹೇಗೆ ಅಂದುಕೊಂಡೆ?

ಆದರೂ ಅಕ್ಕನ ಮಾತು ಮೀರಿದ ಅಭ್ಯಾಸ ನನಗಿಲ್ಲ. ಹಳೆಯ ಪೇಪರು ಹಾಸಿ ಒಂದೊಂದನ್ನೇ ಇಳಿಸಿ ಸಾಲಾಗಿ ಇಟ್ಟೆ. ನಿನ್ನ ಅಳತೆಗೆ ಕಾವನ್ನು ನಾಲ್ಕು ಬೆರಳಿನಷ್ಟು ಗಿಡ್ಡ ಮಾಡಿಕೊಂಡ ಕೈಗೊಡಲಿ. ಮರ ಉಜ್ಜುವ, ನಡುವೆ ಮಾತ್ರ ಹಲ್ಲು ಸವೆದಿರುವ ಒರಟು ಅರ, ಅದರ ಪಕ್ಕ ನಯವಾದ ಅರ. ಮುರಿದ ಗರಗಸದಿಂದ ನೀನೇ ಕತ್ತರಿಸಿಕೊಂಡ ಹೆರೆಯುವ ತಗಡು. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ್ದ ಎರಡು ಹಿಡಿಯ ಕತ್ತಿ, ಎರಡೂ ಕೈಯಲ್ಲಿ ಹಿಡಿದು ಎದೆಯ ಕಡೆಗೆ ಎಳೆಯುತ್ತಿದ್ದೆಯಲ್ಲ, ಅದು. ಆ ಕತ್ತಿ ಕೊಂಡ ದಿನ ನೆನಪಿದೆಯೆ? ಅಂಗಡಿಯಲ್ಲಿ ನೀನು ಅಲಗಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಹಿಡಿಗಳನ್ನು ಒಂದೊಂದಾಗಿ ಹಿಡಿಯುತ್ತಾ ಹೋದೆ, ಮುಕ್ಕಾಲು ಗಂಟೆ. ‘ಹರಿತ ನಾವು ಮಾಡ್ಕೋಬಹುದು ಕಣೋ, ಹಿಡಿ ಕೈಗೆ ಒಗ್ಗಬೇಕು’ ಎಂದೆ. ಅಂಗಡಿಯವನು ನನ್ನ ಕಿವಿಯಲ್ಲಿ ‘ಅಮ್ಮಾವ್ರು ಕತ್ತಿ ಹುಡುಕ್ತಿದ್ದಾರೋ ಅಳಿಯನ್ನ ಹುಡುಕ್ತಿದ್ದಾರೋ’ ಎಂದು ಕೇಳಿದ. ಅಳಿಯನನ್ನು ನೀನು ಅಷ್ಟು ಹೊತ್ತು ನೋಡಲಿಲ್ಲ ಎಂಬುದು ನಮಗೆ ಗೊತ್ತು. ಅವನು ಪುಣ್ಯಕ್ಕೆ ಒಳ್ಳೆಯವನೇ ಸಿಕ್ಕಿದ, ಈ ಸಾಲನ್ನು ಅವನಿಗೆ ಓದಿ ಹೇಳಬೇಡ.

ಎದುರು ಗೋಡೆಯ ಗೂಟ, ಹಗ್ಗ, ನೆಲದ ಮೇಲಿನ ಚಾಕ್ ಗೆರೆ ಮಾತ್ರ ಇದ್ದಲ್ಲೇ ಇವೆ. ಮೂವತ್ತೆರಡು ವರ್ಷ ಕಚೇರಿಯಲ್ಲಿ ಸೀಲು ಒತ್ತಿ ನಿವೃತ್ತನಾಗಿ ಬಂದವನಿಗೆ ನೀನು ಆ ಗೆರೆಯ ಹಿಂದೆ ಕೆಲಸ ಕೊಟ್ಟೆ. ಬಿಲ್ಲನ್ನು ಗೂಟಕ್ಕೆ ಸಿಕ್ಕಿಸಿ ನೀನು ಹಗ್ಗ ಎಳೆಯಬೇಕು, ದೂರ ನಿಂತು ಬಾಗು ನೋಡಬೇಕಾದವನು ನಾನು. ಎಳೆಯುವವರಿಗೆ ಬಾಗು ಕಾಣುವುದಿಲ್ಲವಲ್ಲ. ‘ಎಡದ್ದು ಸೋಮಾರಿ, ಬಾಗ್ತಿಲ್ಲ’ ಎಂದು ನಾನು ಹೇಳಿದರೆ ನೀನು ಬಿಲ್ಲನ್ನು ಇಳಿಸಿ, ಅದರ ಎಡದ ತೋಳನ್ನು ಒಳಮೈಯಲ್ಲಿ ನಾಲ್ಕು ಸಲ ಹೆರೆದು ಮತ್ತೆ ಸಿಕ್ಕಿಸುತ್ತಿದ್ದೆ. ಎಷ್ಟೋ ದಿನ ಇಡೀ ಬೆಳಿಗ್ಗೆ ನಾವು ಬೇರೆ ಮಾತೇ ಆಡುತ್ತಿರಲಿಲ್ಲ. ನನ್ನ ಬದುಕಿನಲ್ಲಿ ನಾನು ಅಷ್ಟು ನೆಮ್ಮದಿಯಾಗಿ ಇದ್ದದ್ದು ಬೇರೆಲ್ಲೂ ಇಲ್ಲ. ಇದನ್ನು ನಿನ್ನ ಎದುರು ಹೇಳಲು ಬಾಯಿ ಬರಲಿಲ್ಲ, ಕಾಗದದಲ್ಲಿ ಹೇಳುತ್ತಿದ್ದೇನೆ.

ಈಗ ಒಂದು ತಪ್ಪೊಪ್ಪಿಗೆ. ನಿಂತಿದ್ದರೆ ಕುಳಿತುಕೋ. ಪುಟ್ಟಿ ಹುಟ್ಟಿದ ವರ್ಷ ತಂದು, ಅವಳ ಹತ್ತನೆಯ ವರ್ಷಕ್ಕೆ ಬಿಲ್ಲು ಮಾಡಿಕೊಡುತ್ತೇನೆಂದು ಮೂಲೆಯಲ್ಲಿ ಒಣಗಲು ನಿಲ್ಲಿಸಿದ್ದೆಯಲ್ಲ ಆ ಮರದ ಸೀಳು, ಅದಕ್ಕೆ ನಾನು ಕೈ ಹಾಕಿದೆ. ಉಳಿದುದನ್ನೆಲ್ಲ ಬಡಗಿಗೆ ಕೊಡುವ ಮೊದಲು ಇದೊಂದನ್ನಾದರೂ ಮುಗಿಸಿ ನಿನಗೆ ಕಳಿಸೋಣ, ಅಕ್ಕ ಬೆರಗಾಗಲಿ ಎಂಬ ಆಸೆ. ತೊಗಟೆ ತೆಗೆಯಲು ಎರಡು ಹಿಡಿಯ ಕತ್ತಿ ತೆಗೆದುಕೊಂಡೆ. ಹೆಬ್ಬೆರಳು ಇಟ್ಟು ನೋಡಿದರೆ ಅಲಗು ಪೂರ್ತಿ ಮೊಂಡು. ಪಾಪ, ವಯಸ್ಸಾಯಿತು, ಮಸೆಯಲು ಕೈ ಸಾಗುತ್ತಿರಲಿಲ್ಲವೇನೋ, ನಾನಾದರೂ ಗಮನಿಸಬಾರದಿತ್ತೆ ಎಂದು ನನಗೆ ನನ್ನ ಮೇಲೇ ಬೇಸರವಾಯಿತು. ಸಾಣೆಕಲ್ಲಿನ ಮುಂದೆ ಕುಳಿತು ಮೂರು ಬೆಳಿಗ್ಗೆ ಮಸೆದೆ. ಮೂರನೆಯ ದಿನ ಅದು ನನ್ನ ತೋಳಿನ ಕೂದಲು ಬೋಳಿಸಿತು. ಇವಳನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಹುಚ್ಚು ಹಿಡಿಯಿತೆ ಎಂದು ಕೇಳಿ ಒಳಗೆ ಹೋದಳು.

ತೊಗಟೆಯೇನೋ ಬೆಣ್ಣೆಯಂತೆ ಬಂತು. ಆಮೇಲೆ ನೀನು ಮರದ ತುದಿಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದ ಪದರ ಹಿಡಿದು ಹೊರಟೆ. ಮರ ವರ್ಷಕ್ಕೊಂದರಂತೆ ಮೈಗೆ ಸುತ್ತಿಕೊಳ್ಳುವ ಪದರಗಳಲ್ಲಿ ಒಂದೇ ಒಂದು, ತುದಿಯಿಂದ ತುದಿಯವರೆಗೆ ಗಾಯವಾಗದೆ, ಬಿಲ್ಲಿನ ಬೆನ್ನಾಗಬೇಕು, ಅದು ಕಡಿದರೆ ಎಳೆದಾಗ ಬಿಲ್ಲು ಅಲ್ಲೇ ಮುರಿಯುತ್ತದೆ ಎಂದು ನೀನು ನೂರು ಸಲ ಹೇಳಿದ್ದೆ. ಅರ್ಧ ದಾರಿ ಬಂದಿದ್ದೆ ಅಷ್ಟೆ. ಒಂದು ಗಂಟಿನ ಹತ್ತಿರ ಕತ್ತಿ ತಲೆ ಬಗ್ಗಿಸಿ ಒಳಗೆ ನುಗ್ಗಿ, ಆ ಪದರವನ್ನು ಸೀಳಿಕೊಂಡು ಒಂದು ಗೇಣು ಹೋಗಿಯೇ ನಿಂತಿತು. ಹತ್ತು ವರ್ಷ ಕಾದ ಮರ. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಸಾಮಾನು ನೋಡಿಹೋಗಲು ನಿನ್ನೆ ಬಂದ ಬಡಗಿ, ಗಾಯ ನೋಡಿದ, ಕತ್ತಿ ನೋಡಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ಶುರು ಮಾಡಿದ. ‘ಅಯ್ಯೋ ಯಜಮಾನ್ರೇ, ಅಕ್ಕಾವ್ರು ಇದನ್ನ ಬೇಕಂತಲೇ ಮೊಂಡಾಗಿ ಇಟ್ಟಿದ್ರು’ ಎಂದ. ಹರಿತವಾದದ್ದು ಪದರವನ್ನು ಕಡಿದುಕೊಂಡು ಹೋಗುತ್ತದೆ, ಮೊಂಡಾದದ್ದು ಮೇಲಿನ ಮೆತ್ತನೆಯದನ್ನು ಎಬ್ಬಿಸಿ, ಕೆಳಗಿನ ಗಟ್ಟಿ ಪದರದ ಮೇಲೆ ಜಾರಿಕೊಂಡು ಬರುತ್ತದೆ. ಮಸೆಯುವುದು ತನಗೂ ಬರುತ್ತದೆ, ಆದರೆ ಎಷ್ಟು ಮೊಂಡಾಗಿ ಇಡಬೇಕೆಂಬುದು ನಿನ್ನ ಹೆಬ್ಬೆರಳಿಗೆ ಮಾತ್ರ ಗೊತ್ತು ಎಂದ. ಇಪ್ಪತ್ತು ವರ್ಷ ನೀನು ಕಾಪಾಡಿಕೊಂಡು ಬಂದ ಮೊಂಡುತನವನ್ನು ಪ್ರೀತಿಯಿಂದ ಮೂರೇ ದಿನದಲ್ಲಿ ಹಾಳು ಮಾಡಿದೆ, ಅಕ್ಕಾ. ನಿವೃತ್ತನಾದಾಗಿನಿಂದ ಏಳು ವರ್ಷ ಪಕ್ಕದಲ್ಲೇ ನಿಂತು ನೋಡಿದವನಿಗೆ ಇಷ್ಟೂ ಗೊತ್ತಾಗಲಿಲ್ಲ. ಕ್ಷಮಿಸು. ಪುಟ್ಟಿಗೆ ಏನು ಹೇಳುವುದೋ ತಿಳಿಯುತ್ತಿಲ್ಲ.

ಬಡಗಿ ಗುರುವಾರ ಕೈಗಾಡಿ ತಂದು ಎಲ್ಲವನ್ನೂ ಒಯ್ಯುತ್ತಾನೆ. ಮಗಳಿಗೂ ಅಳಿಯನಿಗೂ ನಮ್ಮ ನೆನಪು ಹೇಳು. ಪುಟ್ಟಿಯ ಕೆನ್ನೆಗೆ ಒಂದು ಮುತ್ತು. ಬಿಸಿನೀರು ಮರೆಯಬೇಡ.

ನಿನ್ನ ಪ್ರೀತಿಯ ತಮ್ಮ,
ಚಿಕ್ಕ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಕಾಗದ ಹಾಕಲು ಹೊರಟವನು ಆ ಮರವನ್ನು ಬಾಗಿಲ ಬೆಳಕಿಗೆ ತಂದು ಇನ್ನೊಮ್ಮೆ ನೋಡಿದೆ. ಗಾಯ ಒಂದೇ ಪದರದಷ್ಟು ಆಳ, ಕೆಳಗಿನ ವರ್ಷದ್ದು ಮುಟ್ಟದೆ ಹಾಗೇ ಇದೆ. ಬಡಗಿಯನ್ನು ಓಡಿಹೋಗಿ ಕರೆತಂದೆ, ಅವನೂ ಹೌದೆಂದ. ಮರ ದಪ್ಪವಿದೆ, ಒಂದು ವರ್ಷ ಕೆಳಗೆ ಇಳಿದು ಆ ಪದರವನ್ನೇ ಬೆನ್ನು ಮಾಡಿದರಾಯಿತು. ಆದರೆ ಕತ್ತಿ ಮೊಂಡಾಗಬೇಕು, ಹಿತ್ತಿಲ ಕಲ್ಲಿಗೆ ಉಜ್ಜಿ ನೋಡಿದ್ದು ನಮ್ಮಿಬ್ಬರಿಗೂ ಸರಿ ಬರಲಿಲ್ಲ. ಗುರುವಾರ ಬರಬೇಡವೆಂದು ಅವನಿಗೆ ಹೇಳಿಬಿಟ್ಟಿದ್ದೇನೆ. ಅಲಗು ಮುಟ್ಟಿ ನೋಡಲು ನಿನ್ನ ಎಡಗೈಯ ಹೆಬ್ಬೆರಳು ಸಾಕು, ನನ್ನನ್ನು ಬೈಯಲು ಕೈಯೇ ಬೇಡ. ಕತ್ತಿ, ಹಗ್ಗ ಎರಡನ್ನೂ ಇನ್ನು ನಾನು ಎಳೆಯುತ್ತೇನೆ. ನಾನು ಎಳೆಯುವಾಗ ನನಗೆ ಬಾಗು ಕಾಣುವುದಿಲ್ಲ, ಅಕ್ಕಾ. ಚಾಕ್ ಗೆರೆಯ ಹಿಂದೆ ನಿನಗೊಂದು ಕುರ್ಚಿ ಹಾಕಿದ್ದೇನೆ.