ಅಂಗೈ ತರಚಿರಲಿಲ್ಲ

ಅಣ್ಣನವರಿಗೆ,

ಇಷ್ಟು ವರ್ಷ ಕರೆದ ಬಾಯಿ, ಅದಕ್ಕೇ ಅಣ್ಣ ಎಂದು ಬರೆದೆ. ಗೌರವ ಉಳಿದಿದೆ ಎಂದುಕೊಳ್ಳಬೇಡಿ. ನೀವು ಫೋನ್ ಎತ್ತುತ್ತಿಲ್ಲ, ಹಾಗಾಗಿ ನಿಮ್ಮ ಬಾಗಿಲ ಸಂದಿಗೆ ಈ ಕಾಗದ.

ಭಾನುವಾರದ ದೂರದ ಓಟದಲ್ಲಿ ನಮ್ಮವರು ಕಲ್ಲು ಎಡವಿ ಬಿದ್ದರು ಎಂದು ಡಾಕ್ಟರ ಮುಂದೆ ನೀವಿಬ್ಬರೂ ಒಂದೇ ಪಾಠ ಒಪ್ಪಿಸಿದಿರಿ. ಗಾಯ ತೊಳೆದವಳು ನಾನು. ಗದ್ದ ಸೀಳಿತ್ತು, ಮೂಗು ಜಜ್ಜಿತ್ತು, ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಎಡವಿದವನು ಕೈ ಊರುತ್ತಾನೆ. ಪ್ರಜ್ಞೆ ತಪ್ಪಿದವನು ಊರುವುದಿಲ್ಲ.

ಕೇಳಿದರೆ, "ಐವತ್ತು ದಾಟಿದ್ರೂ ಹುಡುಗರನ್ನ ಹಿಂದೆ ಹಾಕ್ತೀನಿ, ನನ್ನ ಹೃದಯಕ್ಕೇನು ಧಾಡಿ?" ಎಂದು ರೇಗುತ್ತಾರೆ. ನಿನ್ನೆ ಅತ್ತೆಯ ಮುಂದೆ ಅವರ ಬಾಯಿ ಜಾರಿತು: "ಹೋದ ಸಲ ಸೇತುವೆ ಮೇಲೂ ಹೀಗೇ ಕಣ್ಣು ಕತ್ತಲೆ ಬಂತಮ್ಮ, ಅವನೇ ಎತ್ತಿ ಕೂರಿಸ್ದ." ಎತ್ತಿ ಕೂರಿಸಿದಿರಿ, ನೀರು ಕುಡಿಸಿದಿರಿ, ಮತ್ತೆ ಓಡಿಸಿದಿರಿ. ನನಗೊಂದು ಮಾತು ಹೇಳಲಿಲ್ಲ.

ಅವರು ಊರ ಜನರನ್ನು ತುಂಬಿಕೊಂಡು ಬಸ್ಸು ಓಡಿಸುವವರು. ಇನ್ನೆರಡು ದಿನಕ್ಕೆ ಡ್ಯೂಟಿಗೆ ಹೋಗುತ್ತಾರಂತೆ.

ಓಡುವಾಗಲೇ ಬಿದ್ದರೋ, ನಿಂತ ಮೇಲೋ ಎಂದು ಡಾಕ್ಟರು ಮತ್ತೆ ಮತ್ತೆ ಕೇಳಿದ್ದರು. ಓಡುವಾಗಲೇ ಪ್ರಜ್ಞೆ ತಪ್ಪಿದ್ದರೆ ಹೃದಯದ ಪರೀಕ್ಷೆ ಆಗಲೇಬೇಕಂತೆ. ಕಂಡವರು ನೀವೊಬ್ಬರೇ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಂದು ಕಂಡದ್ದನ್ನು ಹೇಳಿ. ಮನೆ ಕಡೆ ತಲೆ ಹಾಕಬೇಡಿ.

ಗೆಳೆತನ ಮುರಿದೀತೆಂಬ ಭಯವೇ? ಮುರಿಯಲಿ. ನಿಮ್ಮ ಮೇಲೆ ಸಿಟ್ಟಾಗಿ ಮಾತು ಬಿಡುವುದಕ್ಕಾದರೂ ಅವರು ಬದುಕಿರಬೇಕಲ್ಲ.

ಇತಿ,
ನಿಮ್ಮ ಗೆಳೆಯನ ಹೆಂಡತಿ